ಮೂಗು ಕೊಯ್ಯುವ ಟ್ಯೂನಿಂಗ್

“ಓ-ಟೂ ಸೆನ್ಸರ್ ಇರೋದು ಪೊಲ್ಯೂಷನ್‌ನೋರಿಗೆ ಸಾರ್, ಎಂಜಿನ್ನಿಗಲ್ಲ.” ಕಾರು ಮಾಡಿಫೈ ಮಾಡುವ ಗ್ಯಾರೇಜುಗಳಲ್ಲಿ ಈ ಮಾತಿಗೆ ಎದುರಾಡುವವರು ಕಡಿಮೆ. ಹೆಡ್ಡರ್ ಹಾಕಿಸಲು ಹೋದವನಿಗೂ ಎಂಜಿನ್ನಿನ ಕಂಪ್ಯೂಟರಾದ ಇಸಿಯು ರೀಮ್ಯಾಪ್ ಮಾಡಿಸಲು ಹೋದವನಿಗೂ ಹಳೆಯ ಜಿಪ್ಸಿಗೆ ಬೇರೆ ಎಂಜಿನ್ ಕೂರಿಸಲು ಹೊರಟವನಿಗೂ ಉಪದೇಶ ಒಂದೇ. ಸೆನ್ಸರ್ ಕಿತ್ತು ಆ ತೂತಿಗೆ ಬೋಲ್ಟ್ ಬಿಗಿದುಬಿಡಿ. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡರೆ ಒಂದು ಎಮ್ಯುಲೇಟರ್ ಹಾಕಿ ಇಸಿಯು ಬಾಯಿ ಮುಚ್ಚಿಸಿ. ಇಲ್ಲ, ಸೆನ್ಸರ್ ಬೇಕೇ ಬೇಕು ಅಂತೀರಾ? ನಾಲ್ಕು ವಯರು ತಾನೇ, ಸಾಲ್ಡರ್ ಹಾಕಿ ಟೇಪ್ ಸುತ್ತಿದರೆ ಆಯ್ತು.

ಮೂರೂ ತಪ್ಪು. ಮೂರನೆಯದು ಮಿಕ್ಕೆರಡಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಹೇಳುವವನು ಸೆನ್ಸರಿನ ಪರವಾಗಿಯೇ ಇದ್ದಾನೆ ಎಂದು ಗಿರಾಕಿ ನಂಬಿಬಿಡುತ್ತಾನೆ.

ಮೊದಲ ಮಾತಿನಲ್ಲಿ ಅರ್ಧ ಸತ್ಯ ಇದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಈ ಸೆನ್ಸರ್ ಹುಟ್ಟಿದ್ದು ಹೊಗೆಯ ಕಾನೂನಿನ ಒತ್ತಡಕ್ಕೇ. ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗಿ ನಿಯಮ ದಾಟಲು ವೋಲ್ವೊ ಕಂಪನಿ 1976ರಲ್ಲಿ ತನ್ನ ಕಾರುಗಳಿಗೆ ಲ್ಯಾಮ್ಡಾ ಸೆನ್ಸರ್ ಎಂಬ ಹೆಸರಿನಲ್ಲಿ ಇದನ್ನು ಹಾಕಿತು. ಅದನ್ನು ತಯಾರಿಸಿ ಕೊಟ್ಟದ್ದು ಜರ್ಮನಿಯ ಬಾಷ್, ಅಂದರೆ ಬೆಂಗಳೂರಿನ ಆಡುಗೋಡಿಯಲ್ಲಿದ್ದ ನಮ್ಮ ಮೈಕೊದ ತಾಯಿ ಕಂಪನಿ. ಹೊಗೆಯಲ್ಲಿರುವ ಮೂರು ಬಗೆಯ ವಿಷವನ್ನೂ ಒಟ್ಟಿಗೇ ಶುದ್ಧ ಮಾಡುವ ಕ್ಯಾಟ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಗಾಳಿ ಮತ್ತು ಪೆಟ್ರೋಲಿನ ಅನುಪಾತ ಕರಾರುವಾಕ್ಕಾಗಿ ಇರಬೇಕಿತ್ತು: ಶುದ್ಧ ಪೆಟ್ರೋಲಾದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ. ಇದನ್ನೇ ಲ್ಯಾಮ್ಡಾ 1 ಎನ್ನುವುದು. ಹೊಗೆಯ ಕೊಳವೆಯಲ್ಲಿ ಕೂತು, ಉಳಿದ ಆಮ್ಲಜನಕವನ್ನು ಮೂಸಿ, “ಪೆಟ್ರೋಲು ಜಾಸ್ತಿಯಾಯ್ತು”, “ಕಡಿಮೆಯಾಯ್ತು” ಎಂದು ಇಸಿಯುಗೆ ಹೇಳುವುದಷ್ಟೇ ಸೆನ್ಸರಿನ ಕೆಲಸ.

ಜನ್ಮಪತ್ರದಲ್ಲಿ ಮಾಲಿನ್ಯ ನಿಯಂತ್ರಣ ಎಂದು ಬರೆದಿದೆ, ನಿಜ. ಆದರೆ ಜಾಸ್ತಿ, ಕಡಿಮೆ ಎಂದು ಹೇಳಬೇಕಾದರೆ ಅದು ನೋಡುವುದೇನನ್ನು? ಇಂಜೆಕ್ಟರ್ ಕಟ್ಟಿಕೊಂಡಿದೆಯೇ, ಪಂಪಿನ ಒತ್ತಡ ಇಳಿದಿದೆಯೇ, ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರುತ್ತಿದೆಯೇ, ಬಂಕಿನಲ್ಲಿ ಹಾಕಿಸಿದ ಪೆಟ್ರೋಲೇ ಬೇರೆಯಾಗಿದೆಯೇ ಎಂಬ ಎಲ್ಲದರ ಒಟ್ಟು ಫಲವನ್ನು. ಮಿಶ್ರಣಕ್ಕಾಗಿ ಇಸಿಯು ನೋಡುವ ಮಿಕ್ಕ ಸೆನ್ಸರುಗಳು ಒಳಗೆ ಹೋಗುವುದನ್ನು ಲೆಕ್ಕ ಹಾಕುತ್ತವೆ. ಒಳಗೆ ಉರಿದ ಮೇಲೆ ಮಿಶ್ರಣ ಏನಾಯಿತು ಎಂದು ಹೇಳುವುದು ಇದೊಂದೇ. ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್ನಿಗೆ ಈ ವರದಿ ಬೇಕು ಎಂದಾದರೆ, ಕ್ಯಾಮ್ ಬದಲಾಗಿ, ಇಂಜೆಕ್ಟರ್ ದೊಡ್ಡದಾಗಿ, ಸೈಲೆನ್ಸರ್ ಬೇರೆಯಾಗಿ, ಕಾರ್ಖಾನೆಯ ಲೆಕ್ಕವೆಲ್ಲ ತಲೆಕೆಳಗಾದ ಎಂಜಿನ್ನಿಗೆ ಬೇಡವೇ? ಮಾಡಿಫೈ ಮಾಡಿದ ಕಾರಿಗೆ ಸೆನ್ಸರ್ ಬೇಡ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಅವರ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣ ಇದೆ. ಫುಲ್ ಥ್ರಾಟಲ್ ಕೊಟ್ಟಾಗ ಬಹುತೇಕ ಹಳೆಯ ಇಸಿಯುಗಳು ಸೆನ್ಸರಿನ ಮಾತನ್ನು ಕೇಳುವುದೇ ಇಲ್ಲ. ಮೊದಲೇ ಬರೆದಿಟ್ಟ ಲೆಕ್ಕದ ಪಟ್ಟಿಯಾದ ಮ್ಯಾಪಿನಲ್ಲಿ ಇದ್ದಷ್ಟು ಪೆಟ್ರೋಲು ಸುರಿಯುತ್ತವೆ. “ರೇಸಿಗೆ ಉಪಯೋಗಕ್ಕೆ ಬಾರದ್ದು ಯಾಕೆ?” ಎಂದು ಕೇಳುತ್ತಾರೆ. ಇಸಿಯು ಕೇಳದಿರಲು ಕಾರಣ ಇದೆ. ಕಾರ್ಖಾನೆಯ ಮಾಮೂಲಿ ಸೆನ್ಸರ್ ನ್ಯಾರೋಬ್ಯಾಂಡ್ ಜಾತಿಯದು. ಜಿರ್ಕೋನಿಯಾ ಎಂಬ ಪಿಂಗಾಣಿಯ ಒಳಮೈಗೆ ಹೊರಗಿನ ಗಾಳಿ, ಹೊರಮೈಗೆ ಹೊಗೆ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜು ಹುಟ್ಟುತ್ತದೆ. ಲೀನ್ (ಪೆಟ್ರೋಲು ಕಡಿಮೆ) ಆದರೆ 0.1 ವೋಲ್ಟಿನ ಆಸುಪಾಸು, ರಿಚ್ (ಪೆಟ್ರೋಲು ಜಾಸ್ತಿ) ಆದರೆ 0.9ರ ಆಸುಪಾಸು, ನಡುವೆ 0.45ರಲ್ಲಿ ಗೆರೆ. ಗೆರೆಯ ಈಚೆಯೋ ಆಚೆಯೋ ಎನ್ನಲು ಇದಕ್ಕೆ ಬರುತ್ತದೆ, ಎಷ್ಟು ಆಚೆ ಎನ್ನಲು ಬರುವುದಿಲ್ಲ. ಎಂಜಿನ್ ಹೆಚ್ಚು ಶಕ್ತಿ ಕೊಡುವುದು ಲ್ಯಾಮ್ಡಾ 0.85ರಿಂದ 0.9ರ ನಡುವೆ, ಅಲ್ಲಿ ನ್ಯಾರೋಬ್ಯಾಂಡ್ ಕುರುಡು. ಮಲ್ಟಿಮೀಟರ್ ಹಚ್ಚಿ “0.86 ವೋಲ್ಟ್ ಬಂತು, ಟ್ಯೂನಿಂಗ್ ಪರ್ಫೆಕ್ಟ್” ಎನ್ನುವವರು ಓದುತ್ತಿರುವುದು ಮಿಶ್ರಣವನ್ನೋ ಸೆನ್ಸರಿನ ಬಿಸಿಯನ್ನೋ ಎಂಬುದು ಅವರಿಗೇ ತಿಳಿಯದು, ಏಕೆಂದರೆ ಆ ತುದಿಯಲ್ಲಿ ಎರಡೂ ವೋಲ್ಟೇಜನ್ನು ಅಲುಗಿಸುತ್ತವೆ.

ಸರಿ, ಹಾಗಾದರೆ ಇದರಿಂದ ಹೊರಡುವ ತೀರ್ಮಾನ ಏನು? ನ್ಯಾರೋಬ್ಯಾಂಡ್ ಸಾಲದು, ಆ ಜಾಗಕ್ಕೆ ವೈಡ್‌ಬ್ಯಾಂಡ್ ಹಾಕಿ ಎಂದಲ್ಲವೇ? ನಮ್ಮವರು ತೆಗೆದ ತೀರ್ಮಾನ ಬೋಲ್ಟ್ ಬಿಗಿಯಿರಿ ಎಂದು. ಗೆರೆಯಿಂದ ಎಷ್ಟು ದೂರ ಎಂಬುದನ್ನೂ ಅಳೆಯುವ ವೈಡ್‌ಬ್ಯಾಂಡ್ ಹೊಸದೇನೂ ಅಲ್ಲ. ಬಾಷ್‌ನ ಎಲ್‌ಎಸ್‌ಯು 4.2 ಮತ್ತು 4.9 ಜಗತ್ತಿನ ಎಲ್ಲ ಟ್ಯೂನಿಂಗ್ ಅಂಗಡಿಗಳಲ್ಲೂ ಸಿಗುವ ಸರಕು. ಈಚಿನ ಎಷ್ಟೋ ಕಾರುಗಳಲ್ಲಿ ಕಂಪನಿಯೇ ಅದನ್ನು ಕೂರಿಸಿರುತ್ತದೆ, ಮತ್ತು ಅಂಥ ಹಲವು ಕಾರುಗಳು ಫುಲ್ ಥ್ರಾಟಲಿನಲ್ಲೂ ಸೆನ್ಸರಿನ ಮಾತು ಕೇಳುತ್ತವೆ. ಗಟ್ಟಿ ಬಾಣ ಎಂದೆನಲ್ಲ, ಅದು ಹಳೆಯ ಕಾರಿನದು.

“ಕಿತ್ತ ಮೇಲೆ ಪಿಕಪ್ ಜಾಸ್ತಿಯಾಯ್ತು” ಎಂದು ಪ್ರಮಾಣ ಮಾಡುವ ಮಾಲೀಕರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸೆನ್ಸರ್ ಕಾಣದಿದ್ದಾಗ ಇಸಿಯು ತಿದ್ದುಪಡಿ ಬಿಟ್ಟು ಮೂಲ ಮ್ಯಾಪಿಗೆ ಮರಳುತ್ತದೆ, ಆ ಮ್ಯಾಪು ಹಲವು ಗಾಡಿಗಳಲ್ಲಿ ಕೊಂಚ ರಿಚ್ ಇರುತ್ತದೆ. ರಿಚ್ ಮಿಶ್ರಣಕ್ಕೆ ಒಂದಿಷ್ಟು ಹೆಚ್ಚು ಎಳೆತ ಇರುವುದು ಸಹಜ. ಆ ಎಳೆತ ಆಕ್ಸಿಲರೇಟರ್ ಇನ್ನಷ್ಟು ಒತ್ತಿದ್ದರೂ ಸಿಗುತ್ತಿತ್ತು. ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಸಂಪಿಗೆ ಇಳಿಯುವುದು, ಕ್ಯಾಟ್ ಕಾದು ಕರಗುವುದು, ಮೈಲೇಜ್ ಬೀಳುವುದು ಇವೆಲ್ಲ ನಿಧಾನವಾಗಿ ಬರುವ ಬಿಲ್ಲುಗಳು. ಬರುವ ಹೊತ್ತಿಗೆ ಕಾರಣ ಮರೆತಿರುತ್ತದೆ.

ಎಮ್ಯುಲೇಟರ್ ಇನ್ನೂ ನಾಜೂಕಿನ ಕಣ್ಕಟ್ಟು. ಪುಟ್ಟ ಡಬ್ಬಿ, ಅದರೊಳಗಿನ ಸರ್ಕ್ಯೂಟ್ ರಿಚ್-ಲೀನ್-ರಿಚ್-ಲೀನ್ ಎಂದು ಲಯಬದ್ಧವಾಗಿ ಹೇಳುತ್ತಿರುತ್ತದೆ, ಎಂಜಿನ್ನಿನಲ್ಲಿ ಏನೇ ನಡೆಯುತ್ತಿರಲಿ. ಇಸಿಯು ಎಲ್ಲ ಸುಸೂತ್ರ ಎಂದು ನಂಬುತ್ತದೆ. ಲೈಟ್ ಹತ್ತುವುದಿಲ್ಲ. ಒಂದು ಇಂಜೆಕ್ಟರ್ ಅರ್ಧ ಕಟ್ಟಿಕೊಂಡರೂ ಹತ್ತುವುದಿಲ್ಲ. ಗಿರಾಕಿ ದುಡ್ಡು ಕೊಟ್ಟು ಕೊಂಡದ್ದು ತನ್ನ ಎಂಜಿನ್ನಿಗೇ ಒಬ್ಬ ಸುಳ್ಳುಸಾಕ್ಷಿಯನ್ನು. ಕ್ಯಾಟ್‌ನ ಹಿಂದಿರುವ ಎರಡನೇ ಸೆನ್ಸರಿಗೆ ಸ್ಪೇಸರ್ ಹಾಕಿ ದೂರ ಸರಿಸುವುದೂ ಇದೇ ವಂಶದ ಉಪಾಯ. ಹಿಂದಿನ ಸೆನ್ಸರ್ ಕ್ಯಾಟ್‌ನ ಆರೋಗ್ಯ ನೋಡಲು ಮಾತ್ರ ಎಂದು ಹೇಳುತ್ತಾರೆ. ಹಲವು ಇಸಿಯುಗಳು ಮುಂದಿನ ಸೆನ್ಸರಿನ ಮುಪ್ಪನ್ನು ಸರಿದೂಗಿಸಲು ಹಿಂದಿನದರ ಓದನ್ನೇ ಆಧರಿಸುತ್ತವೆ ಎಂಬುದನ್ನು ಹೇಳುವುದಿಲ್ಲ.

ಕಾರ್ಬೊರೇಟರ್ ಕಾಲದ ಮೇಸ್ತ್ರಿಗಳ ಬಗ್ಗೆ ನನಗೆ ಗೌರವ ಇದೆ. ಸ್ಕ್ರೂ ತಿರುಗಿಸುತ್ತ ಐಡ್ಲಿಂಗ್ ಸದ್ದು ಕೇಳಿ ಮಿಶ್ರಣ ಹೇಳುತ್ತಿದ್ದ ಕಿವಿ, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಜಾತಕ ಹೇಳುತ್ತಿದ್ದ ಕಣ್ಣು, ಎರಡೂ ನಿಜವಾದ ವಿದ್ಯೆ. ಆದರೆ ಆ ವಿದ್ಯೆ ಬೆಳೆದದ್ದು ಸೀಸ ಬೆರೆತ ಪೆಟ್ರೋಲಿನ ಜೊತೆ. ಆಗ ಪ್ಲಗ್ಗು ಬೇಗ ಬಣ್ಣ ಕಟ್ಟುತ್ತಿತ್ತು. ದೇಶಾದ್ಯಂತ ಸೀಸ ನಿಂತದ್ದು 2000ದಲ್ಲಿ. ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗು ಬಹಳ ಹೊತ್ತು ಬೆಳ್ಳಗೇ ಇರುತ್ತದೆ, ಮತ್ತು ಟರ್ಬೊ ಎಂಜಿನ್ನೊಂದು ಐದು ಸಾವಿರ ಆರ್‌ಪಿಎಂನಲ್ಲಿ ಲೀನ್ ಆಗಿ ನಾಕ್ ಹೊಡೆದು ಪಿಸ್ಟನ್ನಿನ ರಿಂಗ್ ಲ್ಯಾಂಡ್ ಒಡೆಯಲು ಅಷ್ಟು ಹೊತ್ತು ಬೇಕಿಲ್ಲ. ಕಿವಿಗೆ ಕೇಳುವಷ್ಟರಲ್ಲಿ ಮುಗಿದಿರುತ್ತದೆ.

ಈ ವಾದದಲ್ಲಿ ಯಾರೂ ಎತ್ತದ ವಿಷಯ ಪೆಟ್ರೋಲಿನದು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಪ್ರಧಾನಿಗಳು ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಲ್ಲಿಂದ ಎರಡು-ಮೂರು ವರ್ಷದಲ್ಲಿ ಅದೇ ದೇಶದ ಮಾಮೂಲಿ ಪೆಟ್ರೋಲಾಯಿತು. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ: ಒಂದಕ್ಕೆ 9ರಷ್ಟು. ಶೇ. 20 ಬೆರೆತಾಗ 14.7 ಇದ್ದ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಎಥನಾಲ್ ಇಲ್ಲದ ಪೆಟ್ರೋಲಿಗೆ ಬರೆದ ಮ್ಯಾಪು ಇ20 ಹಾಕಿದಾಗ ಶೇ. 7-8ರಷ್ಟು ಲೀನ್ ಓಡುತ್ತದೆ. ಸೆನ್ಸರ್ ಇರುವ ಕಾರು ಇದನ್ನು ಸಾಮಾನ್ಯ ಓಡಾಟದಲ್ಲೇ ಗುರುತಿಸಿ, ಇಂಜೆಕ್ಟರ್ ತೆರೆದಿರುವ ಸಮಯ ಹೆಚ್ಚಿಸಿ, ಆ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಬೋಲ್ಟ್ ಬಿಗಿದ ಕಾರಿಗೆ ಈ ಸುದ್ದಿಯೇ ತಲುಪಿಲ್ಲ. ಇ20 ಬಂದ ಮೇಲೆ ಎಂಜಿನ್ ಹಾಳಾಯಿತು ಎಂದು ಬೈಯುವವರಲ್ಲಿ, ಮೊದಲೇ ಸೆನ್ಸರ್ ಕಿತ್ತಿದ್ದವರು ಸರ್ಕಾರವನ್ನು ಬೈಯುವ ಮುನ್ನ ಬಾನೆಟ್ ತೆರೆದು ನೋಡುವುದು ಮೇಲು.

ಇಲ್ಲೇ ಇನ್ನೊಂದು ಗೊಂದಲ. ವೈಡ್‌ಬ್ಯಾಂಡ್ ಹಾಕಿಕೊಂಡ ಕೆಲವರು “ಈಗ ಇ20 ತಾನೇ, ಗೇಜಿನಲ್ಲಿ 13.5 ಬರುವ ಹಾಗೆ ಟ್ಯೂನ್ ಮಾಡಿ” ಎನ್ನುತ್ತಾರೆ. ಸೆನ್ಸರ್ ಅಳೆಯುವುದು ಲ್ಯಾಮ್ಡಾವನ್ನು. ಗೇಜು ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಟ್ಯಾಂಕಿನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಇ20 ಹಾಕಿದರೂ ಸಮತೋಲನದ ಬಿಂದುವಿನಲ್ಲಿ ಅದು 14.7 ಎಂದೇ ತೋರಿಸುತ್ತದೆ. ಅದನ್ನು 13.5ಕ್ಕೆ ಎಳೆದರೆ ಸಿಗುವುದು ಲ್ಯಾಮ್ಡಾ 0.92, ವಿನಾ ಕಾರಣ ರಿಚ್. ಗೇಜನ್ನು ಲ್ಯಾಮ್ಡಾಗೆ ಬದಲಿಸಿಕೊಂಡರೆ ಈ ತಕರಾರೇ ಹುಟ್ಟುವುದಿಲ್ಲ.

ಇನ್ನು ಎತ್ತರ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲೆ. ಇಲ್ಲಿ, ಕೇವಲ ಥ್ರಾಟಲ್ ಎಷ್ಟು ತೆರೆದಿದೆ ಎಂಬ ಲೆಕ್ಕದಲ್ಲಿ ಮ್ಯಾಪ್ ಬರೆಸಿಕೊಂಡು, ವಾತಾವರಣದ ಒತ್ತಡಕ್ಕೆ ತಿದ್ದುಪಡಿ ಕೊಡದೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಗಾಳಿ ಹತ್ತಿರ ಹತ್ತಿರ ಶೇ. 10ರಷ್ಟು ದಟ್ಟವಾಗಿರುತ್ತದೆ, ಪೆಟ್ರೋಲು ಅಷ್ಟೇ ಇರುತ್ತದೆ. ಎಂಜಿನ್ ಲೀನ್ ಆಯಿತು ಎಂದು ಹೇಳಲು ಅಲ್ಲಿ ಸೆನ್ಸರ್ ಇಲ್ಲ.

ಈಗ ಮೂರನೇ ಮಾತಿಗೆ, ವಯರಿಂಗಿಗೆ ಬರೋಣ. “ವಯರು ವಯರೇ” ಎಂಬ ನಂಬಿಕೆ ಹೆಡ್‌ಲೈಟಿಗೆ ನಡೆಯುತ್ತದೆ. ಇಲ್ಲಿ ವಯರು ಅಳತೆಯ ಉಪಕರಣದ ಒಂದು ಭಾಗ.

ಮೊದಲು ಬಣ್ಣ. ಅಂಗಡಿಗಳಲ್ಲಿ ‘ಯೂನಿವರ್ಸಲ್’ ಎಂದು ಕನೆಕ್ಟರ್ ಇಲ್ಲದ ನಾಲ್ಕು ವಯರಿನ ಸೆನ್ಸರ್ ಸಿಗುತ್ತದೆ. ಬಾಷ್ ಆದರೆ ಎರಡು ಬಿಳಿ ಹೀಟರಿನವು, ಕಪ್ಪು ಸಿಗ್ನಲ್, ಬೂದು ಸಿಗ್ನಲ್ಲಿನ ಗ್ರೌಂಡ್. ಡೆನ್ಸೊ ಆದರೆ ಎರಡು ಕಪ್ಪು ಹೀಟರಿನವು, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಒಬ್ಬರಲ್ಲಿ ಸಿಗ್ನಲ್ ಆದ ಕಪ್ಪು ಇನ್ನೊಬ್ಬರಲ್ಲಿ ಹೀಟರು. ಬಣ್ಣಕ್ಕೆ ಬಣ್ಣ ಸೇರಿಸಿ ಟೇಪ್ ಸುತ್ತಿದವನು, ಒಂದು ವೋಲ್ಟನ್ನೂ ದಾಟದ ಸಿಗ್ನಲ್ ಇರಬೇಕಾದ ಕಡೆ ಬ್ಯಾಟರಿಯ 12 ವೋಲ್ಟನ್ನು ಕಳಿಸಬಲ್ಲ. ಆಮೇಲೆ “ಡೂಪ್ಲಿಕೇಟ್ ಸೆನ್ಸರ್ ಕೊಟ್ಟ” ಎಂದು ಅಂಗಡಿಯವನ ಮೇಲೆ ಹರಿಹಾಯುತ್ತಾನೆ. ಹೀಟರಿನ ಎರಡು ವಯರಿನ ನಡುವೆ ಮಲ್ಟಿಮೀಟರ್ ಇಟ್ಟರೆ ಕೆಲವೇ ಓಮ್ ತೋರಿಸುತ್ತದೆ, ತಣ್ಣಗಿರುವ ಸಿಗ್ನಲ್ ಜೋಡಿ ಏನೂ ತೋರಿಸುವುದಿಲ್ಲ. ಅರ್ಧ ನಿಮಿಷದ ಕೆಲಸ.

ಆಮೇಲೆ ಸಾಲ್ಡರ್. ಗಟ್ಟಿ ಜಾಯಿಂಟ್ ಅಂದರೆ ಸಾಲ್ಡರ್ ಎಂಬುದು ಎಲೆಕ್ಟ್ರಿಷಿಯನ್ನರ ನಂಬಿಕೆ. ಈ ಸೆನ್ಸರಿನಲ್ಲಿ ಅದೇ ದೋಷ. ಪಿಂಗಾಣಿಯ ಒಳಮೈಗೆ ಹೊರಗಿನ ಗಾಳಿ ಬೇಕು ಎಂದೆನಲ್ಲ, ನೀರು ಹೊಗದ ಹಾಗೆ ಮುಚ್ಚಿರುವ ಸೆನ್ಸರುಗಳಲ್ಲಿ ಆ ಗಾಳಿ ಬರುವುದು ವಯರಿನ ಎಳೆಗಳ ಸಂದಿಯಿಂದ. ಸಾಲ್ಡರ್ ಕರಗಿ ಎಳೆಗಳೊಳಗೆ ಇಳಿದರೆ ಉಸಿರುದಾರಿ ಕಟ್ಟುತ್ತದೆ. ಜಾಯಿಂಟಿಗೆ ಗ್ರೀಸ್ ಸವರಿದರೂ ಅದೇ ಗತಿ. ಹೋಲಿಕೆಗೆ ಶುದ್ಧ ಗಾಳಿ ಸಿಗದ ಸೆನ್ಸರಿನ ಸಿಗ್ನಲ್ ಕುಸಿಯುತ್ತದೆ, ಇಸಿಯು ಅದನ್ನು ಲೀನ್ ಎಂದು ಓದಿ ಪೆಟ್ರೋಲು ಸುರಿಯುತ್ತದೆ. ಸೆನ್ಸರ್ ತಯಾರಕರೇ ಸಾಲ್ಡರ್ ಬೇಡ, ಕ್ರಿಂಪ್ ಮಾಡಿ ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತಾರೆ. ಚೀಟಿ ಕಸದ ಬುಟ್ಟಿಯಲ್ಲಿರುತ್ತದೆ.

ವೈಡ್‌ಬ್ಯಾಂಡಿನಲ್ಲಿ ಕತ್ತರಿಯ ಅಪರಾಧ ಇನ್ನೂ ದೊಡ್ಡದು. ಎಲ್‌ಎಸ್‌ಯು ಸೆನ್ಸರಿನಿಂದ ಹೊರಡುವುದು ಐದು ವಯರು, ಕನೆಕ್ಟರಿನಲ್ಲಿ ಇರುವುದು ಆರು ಪಿನ್ನು. ಆರನೆಯದು ಕನೆಕ್ಟರಿನೊಳಗೇ ಅಡಗಿರುವ ರೆಸಿಸ್ಟರಿನದು. ಕಾರ್ಖಾನೆಯಲ್ಲಿ ಪ್ರತಿಯೊಂದು ಸೆನ್ಸರನ್ನೂ ಪರೀಕ್ಷಿಸಿ, ಅದರ ಗುಣಕ್ಕೆ ತಕ್ಕ ಹಾಗೆ ಕೂರಿಸಿದ ಬೆಲೆ ಅದು. ಹೆಡ್ಡರಿನಿಂದ ಇಸಿಯುವರೆಗೆ ವಯರು ಸಾಲದು ಎಂದು ಆ ಕನೆಕ್ಟರನ್ನು ಕತ್ತರಿಸಿ ಐದು ವಯರನ್ನು ನೇರ ಜೋಡಿಸಿದವನು ಸೆನ್ಸರಿನ ಕ್ಯಾಲಿಬ್ರೇಷನ್ನನ್ನೇ ಕತ್ತರಿಸಿ ಎಸೆದ. ಉದ್ದ ಮಾಡಬೇಕಾದದ್ದು ಕನೆಕ್ಟರಿನ ಆಚೆಗೆ, ಇಸಿಯು ಕಡೆಯ ಆರು ವಯರುಗಳನ್ನು. ಆ ಸೆನ್ಸರ್ ಅಳೆಯುವುದು ಮಿಲಿಆಂಪಿಯರುಗಳ ಪಂಪ್ ಕರೆಂಟನ್ನು. ಇಗ್ನಿಷನ್ ಕಾಯಿಲ್ ಪಕ್ಕದಲ್ಲಿ ವಯರು ಎಳೆದು ಓದು ಕುಣಿಯುತ್ತದೆ ಎಂದು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಗ್ರೌಂಡಿನ ವಿಷಯದಲ್ಲಿ ಒಳ್ಳೆಯ ಟ್ಯೂನರುಗಳೂ ಎಡವುತ್ತಾರೆ. ಬೇರೆ ವೈಡ್‌ಬ್ಯಾಂಡ್ ಕಂಟ್ರೋಲರ್ ಹಾಕಿ ಅದರ 0-5 ವೋಲ್ಟಿನ ಸಿಗ್ನಲ್ಲನ್ನು ಇಸಿಯುಗೆ ಕೊಡುವುದು ವಾಡಿಕೆ. 5 ವೋಲ್ಟಿನಲ್ಲಿ 10ರಿಂದ 20ರವರೆಗಿನ ಅನುಪಾತ ಹಿಡಿಸಿದ್ದಾರೆ ಎನ್ನಿ. ಕಂಟ್ರೋಲರಿನ ಗ್ರೌಂಡನ್ನು ಕಾರಿನ ಬಾಡಿಯಲ್ಲಿ ಸಿಕ್ಕ ಬೋಲ್ಟಿಗೆ ಕೊಟ್ಟರೆ, ರೇಡಿಯೇಟರ್ ಫ್ಯಾನ್ ಶುರುವಾದಾಗ ಅಲ್ಲಿ 0.1 ವೋಲ್ಟ್ ಏರುಪೇರಾಗುವುದು ದೊಡ್ಡ ಮಾತಲ್ಲ. ಓದು 0.2ರಷ್ಟು ಸುಳ್ಳಾಯಿತು. ಹೀಟರಿನ ಗ್ರೌಂಡ್ ಎಂಜಿನ್ ಬ್ಲಾಕಿಗೆ, ಸಿಗ್ನಲ್ಲಿನ ಗ್ರೌಂಡ್ ಇಸಿಯುವಿನ ಸೆನ್ಸರ್ ಗ್ರೌಂಡಿಗೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಹೀಟರಿಗೂ ಶಿಸ್ತು ಇದೆ. ಕೀ ತಿರುಗಿಸಿದೊಡನೆ ನೇರ 12 ವೋಲ್ಟ್ ಕೊಟ್ಟು ಕಾಯಿಸಿದರೆ, ತಣ್ಣನೆಯ ಸೈಲೆನ್ಸರಿನಲ್ಲಿ ನಿಂತ ನೀರು ಎಂಜಿನ್ ಶುರುವಾದಾಗ ಹಾರಿ ಬಂದು ಕಾದ ಪಿಂಗಾಣಿ ಸೀಳುತ್ತದೆ. ಎಲ್‌ಎಸ್‌ಯು 4.9ರ ಕೆಲಸದ ಬಿಸಿ 780 ಡಿಗ್ರಿ. ಅಲ್ಲಿಗೆ ಹಂತ ಹಂತವಾಗಿ ಏರಿಸಲು ಕಂಟ್ರೋಲರ್ ಇರುವುದು. ಹಾಗೆಂದು ಹೀಟರ್ ಕೊಡದೆ ಸೆನ್ಸರನ್ನು ಹೊಗೆಯಲ್ಲಿ ಬಿಟ್ಟರೆ ಮಸಿ ಕಟ್ಟಿ ಸಾಯುತ್ತದೆ. “ಟ್ಯೂನಿಂಗ್ ಮುಗೀತು, ವಯರ್ ಬಿಚ್ಚಿ, ಸೆನ್ಸರ್ ಹಾಗೇ ಇರಲಿ” ಎನ್ನುವವರು ಗಮನಿಸಬೇಕು. ಕೂರಿಸುವಾಗಲೂ ಕೊಳವೆಯ ಮೇಲ್ಭಾಗಕ್ಕೆ, ನೀರು ಇಳಿದುಹೋಗುವ ಓರೆಯಲ್ಲಿ. ಟರ್ಬೊ ಇದ್ದರೆ ಅದರ ನಂತರ.

ಸೆನ್ಸರಿನ ಮೇಲೆ ಬರುವ ದೂರುಗಳಲ್ಲಿ ಹಲವು ಸೆನ್ಸರಿನವೇ ಅಲ್ಲ. ಹೆಡ್ಡರಿನ ವೆಲ್ಡಿಂಗ್ ಸೋರಿದರೆ ಹೊಗೆಯ ಮಿಡಿತದ ನಡುವೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ, ಸೆನ್ಸರ್ ಲೀನ್ ಎನ್ನುತ್ತದೆ. ಪ್ಲಗ್ ಮಿಸ್ ಹೊಡೆದರೂ ಲೀನ್ ಎನ್ನುತ್ತದೆ, ಏಕೆಂದರೆ ಅದು ಮೂಸುವುದು ಆಮ್ಲಜನಕವನ್ನು, ಉರಿಯದ ಪೆಟ್ರೋಲನ್ನಲ್ಲ. ಅದು ನಿಜ ಹೇಳಿದೆ. ಕೇಳಿಸಿಕೊಂಡವರು ಗ್ಯಾಸ್ಕೆಟ್ ನೋಡುವ ಬದಲು ಸೆನ್ಸರ್ ಕಿತ್ತರು.

ಅನುಭವಿ ಟ್ಯೂನರುಗಳ ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ: ಕೆಟ್ಟ ಸೆನ್ಸರಿಗೆ ಪೂರ್ತಿ ಅಧಿಕಾರ ಕೊಟ್ಟರೆ ಒಳ್ಳೆಯ ಮ್ಯಾಪನ್ನೂ ಅದು ಕೆಡಿಸುತ್ತದೆ. ನಿಜ. ಆದ್ದರಿಂದಲೇ ಬಹುತೇಕ ಸ್ಟ್ಯಾಂಡ್‌ಅಲೋನ್ ಇಸಿಯುಗಳಲ್ಲಿ ತಿದ್ದುಪಡಿಗೆ ಮಿತಿ ಹಾಕುವ ಜಾಗ ಇರುತ್ತದೆ. ಶೇ. 5 ಅಥವಾ 10 ಎಂದು ಬರೆಯಿರಿ, ಸೆನ್ಸರ್ ಆ ಗಡಿಗೆ ತಾಗಿದರೆ ಲೈಟ್ ಹತ್ತುವ ಹಾಗೆ ಮಾಡಿ.

ಕಾನೂನಿನ ಮಾತು ಚುಟುಕಾಗಿ. ವಾಹನಗಳ ಹೊಗೆ ತಪಾಸಣೆಯಲ್ಲಿ (ಪಿಯುಸಿ) ಈಚಿನ ಪೆಟ್ರೋಲ್ ಕಾರುಗಳಿಗೆ 2500 ಆರ್‌ಪಿಎಂ ಸುತ್ತಮುತ್ತ ಲ್ಯಾಮ್ಡಾ 0.97ರಿಂದ 1.03ರೊಳಗೆ ಇರಬೇಕೆಂದು ನಿಯಮವಿದೆ. ಎಷ್ಟು ಕಡೆ ಅದನ್ನು ನಿಜವಾಗಿ ಅಳೆಯುತ್ತಾರೆ ಎಂಬುದು ಬೇರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ದಂಡ ಬೀಳುವುದು ಮಾಲೀಕನಿಗೆ ಎಂಬುದನ್ನು ಬೋಲ್ಟ್ ಬಿಗಿದವನು ಹೇಳುವುದಿಲ್ಲ. ಟ್ರ್ಯಾಕಿನಲ್ಲೇ ಓಡುವ ಕಾರಿಗೆ ಈ ಭಯವಿಲ್ಲ, ಸರಿ. ಅಂಥ ಕಾರಿಗೆ ವೈಡ್‌ಬ್ಯಾಂಡ್ ಇಲ್ಲದೆ ಯಾವ ಒಳ್ಳೆಯ ತಂಡವೂ ಇಳಿಯುವುದಿಲ್ಲ.

ಎಂಜಿನ್ ಕೆಲಸ ಮಾಡಿಸುವವರು ಗಾಡಿ ತೆಗೆದುಕೊಳ್ಳುವ ಮುನ್ನ ಟ್ಯೂನರನ್ನು ಎರಡು ಪ್ರಶ್ನೆ ಕೇಳಿ. ಸೆನ್ಸರಿನ ವಯರಿಂಗ್ ಚಿತ್ರ ಎಲ್ಲಿ? ಫುಲ್ ಥ್ರಾಟಲಿನ ಲ್ಯಾಮ್ಡಾ ಲಾಗ್ ಎಲ್ಲಿ? “ನನ್ನ ಕೈಗುಣ ನೋಡಿ ಸಾರ್” ಎಂದರೆ ಬಾಕಿ ದುಡ್ಡು ಜೇಬಿನಲ್ಲೇ ಇರಲಿ.